ದುರಸ್ತಿ ಮುಗಿದ ಹಳೆಯ ಮರದ ಕೊಳಲು: ಯಾರಿಗೆ, ಎಲ್ಲಿ, ಎಷ್ಟಕ್ಕೆ?

ಹಳೆಯ ಮರದ ಕೊಳಲನ್ನು ದುರಸ್ತಿ ಮಾಡಿ ಮಾರಲು ಹೊರಟವರು ಮೊದಲು ಕೇಳುವುದು "ಇದಕ್ಕೆ ಎಷ್ಟು ಬರಬಹುದು?" ಎಂದು. ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅದೇ ಕೊಳಲಿಗೆ ನುಡಿಸುವವರು ಒಂದು ಬೆಲೆ ಕಟ್ಟುತ್ತಾರೆ, ಸಂಗ್ರಾಹಕರು ಇನ್ನೊಂದು, ವ್ಯಾಪಾರಿ ಮತ್ತೊಂದು. ಮೂವರ ಲೆಕ್ಕವೂ ಅವರವರ ಮಟ್ಟಿಗೆ ಸರಿಯೇ. ಆದ್ದರಿಂದ ಕೊಳಲು ಯಾರ ಕೈ ಸೇರಬೇಕಾದದ್ದು ಎಂಬುದನ್ನು ಮೊದಲು ತೀರ್ಮಾನಿಸಬೇಕು. ಎಲ್ಲಿ ಮಾರಬೇಕು ಎಂಬುದು ಆಗ ಬಹುಪಾಲು ತಾನಾಗಿಯೇ ಗೊತ್ತಾಗುತ್ತದೆ. ಬೆಲೆಯ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. ಹೆಚ್ಚಿನವರು ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲು ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ನೆಟ್ಟುಕೊಳ್ಳುತ್ತಾರೆ, ಆಮೇಲೆ ಅಷ್ಟು ಕೊಡುವವರಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ.

ಇಲ್ಲಿ ಹೇಳುತ್ತಿರುವುದು ಬಿದಿರಿನ ಕೊಳಲಿನ ಬಗ್ಗೆ ಅಲ್ಲ. ಹದಿನೆಂಟನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಯುರೋಪು ಮತ್ತು ಅಮೆರಿಕದಲ್ಲಿ ಬಾಕ್ಸ್‌ವುಡ್, ಕೋಕಸ್, ಗ್ರೆನಡಿಲ, ರೋಸ್‌ವುಡ್‌ನಂಥ ಗಟ್ಟಿ ಮರದಲ್ಲಿ ಕಡೆದು, ಬೆಳ್ಳಿ ಅಥವಾ ಹಿತ್ತಾಳೆಯ ಕೀಗಳನ್ನು (ರಂಧ್ರ ಮುಚ್ಚಿ ತೆರೆಯುವ ಸನ್ನೆಗಳನ್ನು) ಕೂರಿಸಿದ ಅಡ್ಡಕೊಳಲುಗಳ ಬಗ್ಗೆ.

ಖರ್ಚು ಬೇರೆ, ಬೆಲೆ ಬೇರೆ

ದುರಸ್ತಿಗೆ ಹಾಕಿದ ಹಣವೆಲ್ಲ ಬೆಲೆಯಲ್ಲಿ ಮರಳಿ ಬರುತ್ತದೆ ಎಂಬ ನಂಬಿಕೆ ಈ ವ್ಯವಹಾರದಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು. ಎಂಟು ಕೀಗಳ ಒಂದು ಕೊಳಲಿಗೆ ಹೊಸ ಪ್ಯಾಡ್ (ಕೀಯಡಿಯ ಮೆತ್ತೆ) ಹಾಕುವುದು, ಸ್ಪ್ರಿಂಗ್ ಬದಲಿಸುವುದು, ತಲೆಭಾಗದ ಬಿರುಕು ಮುಚ್ಚುವುದು, ಜೋಡಣೆಯ ಕಾರ್ಕ್ ಹೊಸದು ಮಾಡುವುದು ಎಲ್ಲ ಸೇರಿದರೆ ಕೂಲಿ ಸಾಕಷ್ಟಾಗುತ್ತದೆ. ಕೊಳಲು ಹೆಸರಾಂತ ತಯಾರಕರದೋ ಯಾವುದೋ ಕಾರ್ಖಾನೆಯದೋ, ಕೂಲಿ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಮಾರುವಾಗಿನ ಬೆಲೆಯಲ್ಲಿ ಹಾಗಲ್ಲ, ಅಲ್ಲಿ ಹತ್ತು ಪಟ್ಟು ಅಂತರವಿರಬಹುದು. ಸಾಧಾರಣ ಕೊಳಲಿನ ವಿಷಯದಲ್ಲಿ ಮೂಗಿಗಿಂತ ಮೂಗುತಿ ಭಾರವಾಗುವುದು ಹೀಗೆ.

ಕೊಂಡ ಬೆಲೆ, ದುರಸ್ತಿಯ ಖರ್ಚು, ಒಂದಿಷ್ಟು ಲಾಭ ಎಂದು ಕೂಡಿಸಿ ಬರೆದ ಸಂಖ್ಯೆಗೆ ಒಂದೇ ಒಂದು ಉಪಯೋಗವಿದೆ: ನಿಮಗೆ ನಷ್ಟ ಎಲ್ಲಿಂದ ಶುರುವಾಗುತ್ತದೆ ಎಂದು ತಿಳಿಯುವುದು. ಅದನ್ನು ಖಾಸಗಿಯಾಗಿ ಬರೆದಿಟ್ಟುಕೊಳ್ಳಿ. ಕೊಳ್ಳುವವರ ಮುಂದೆ ಹೇಳಬೇಡಿ. ನೀವು ಎಷ್ಟು ಖರ್ಚು ಮಾಡಿದಿರಿ ಎಂಬುದು ಅವರ ಚಿಂತೆಯಲ್ಲ.

ಕೊಳಲು ಯಾವ ಬಳಗದ್ದು?

ಬೆಲೆಯ ದೃಷ್ಟಿಯಿಂದ ಹಳೆಯ ಮರದ ಕೊಳಲುಗಳನ್ನು ನಾಲ್ಕು ಬಳಗಗಳಾಗಿ ನೋಡಬಹುದು. ಗಡಿಗಳು ಅಲ್ಲಲ್ಲಿ ಮಸುಕಾಗಿವೆ, ಆದರೂ ಕೆಲಸಕ್ಕೆ ಬರುತ್ತದೆ.

ಮೊದಲನೆಯದು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕೊಳಲುಗಳು: ಶಂಕುವಿನಾಕಾರದ ಒಳಕೊರೆತ, ಸಾಮಾನ್ಯವಾಗಿ ಎಂಟು ಕೀ, ದೊಡ್ಡ ಬೆರಳರಂಧ್ರ. ಚಾರ್ಲ್ಸ್ ನಿಕೋಲ್ಸನ್ ಎಂಬ ವಾದಕನ ದೊಡ್ಡ ನಾದದಿಂದ ಈ ದೊಡ್ಡ ರಂಧ್ರಗಳ ಅಭಿರುಚಿ ಹಬ್ಬಿತು. 1821ರಲ್ಲಿ ಜೊತೆಗೂಡಿದ ಲಂಡನ್ ತಯಾರಕರಾದ ರುಡಾಲ್ ಮತ್ತು ರೋಸ್ ಅವರ ಕೊಳಲುಗಳು, 1850ರ ದಶಕದಿಂದ ಬಂದ, ಪ್ರಾಟನ್ ಎಂಬ ವಾದಕನ ಹೆಸರಿನ ಮಾದರಿಯವು, ಅದೇ ಕಾಲದ ಇತರ ಒಳ್ಳೆಯ ಲಂಡನ್ ತಯಾರಿಕೆಗಳು ಈ ಬಳಗದವು. ಐರಿಷ್ ಸಾಂಪ್ರದಾಯಿಕ ಸಂಗೀತ ನುಡಿಸುವವರು ಇಂದಿಗೂ ಇವನ್ನೇ ಅರಸುತ್ತಾರೆ. ಸಂಗ್ರಾಹಕರೂ ಬಯಸುತ್ತಾರೆ, ವಾದಕರೂ ಬಯಸುತ್ತಾರೆ. ಹೀಗೆ ಈ ಬಳಗಕ್ಕೆ ಎರಡೂ ಕಡೆ ಕೊಳ್ಳುವವರಿದ್ದಾರೆ.

ಎರಡನೆಯದು ಹದಿನೆಂಟನೆಯ ಶತಮಾನದ ಒಂದು ಕೀ ಕೊಳಲು, ಅದರ ನಂತರದ ನಾಲ್ಕೈದು ಕೀಗಳ ಫ್ರೆಂಚ್ ಮತ್ತು ಜರ್ಮನ್ ಕೊಳಲುಗಳು. ರಂಧ್ರ ಸಣ್ಣವು, ನಾದ ಮೆದು. ಐರಿಷ್ ವಾದಕರಿಗೆ ಇವು ಬೇಡ. ಐತಿಹಾಸಿಕ ಶೈಲಿಯಲ್ಲಿ ಹಳೆಯ ಸಂಗೀತ ನುಡಿಸುವವರಿಗೆ, ಸಂಗ್ರಾಹಕರಿಗೆ, ಮ್ಯೂಸಿಯಮ್‌ಗಳಿಗೆ ಬೇಕು. ನಿಜವಾದ ಹದಿನೆಂಟನೆಯ ಶತಮಾನದ ಕೊಳಲು ಕೈಗೆ ಬಂದರೆ ದುರಸ್ತಿಗೇ ಕೈ ಹಾಕದೆ ತಜ್ಞರಿಗೆ ತೋರಿಸುವುದು ಒಳ್ಳೆಯದು. ಅದರ ಮೇಲಿನ ಪ್ರತಿಯೊಂದು ಗೀರೂ ಯಾರಾದರೊಬ್ಬ ಅಧ್ಯಯನಕಾರರಿಗೆ ಮಾಹಿತಿಯಾಗುತ್ತದೆ.

ಮೂರನೆಯದು ಮರದ ಬೋಮ್ ಕೊಳಲುಗಳು. ಜರ್ಮನಿಯ ವಾದಕ ಹಾಗೂ ತಯಾರಕ ಥಿಯೊಬಾಲ್ಡ್ ಬೋಮ್ 1832ರಲ್ಲಿ ಉಂಗುರ ಕೀಗಳ ಶಂಕುವಿನಾಕಾರದ ಕೊಳಲನ್ನೂ 1847ರಲ್ಲಿ ಇಂದಿಗೂ ಬಳಕೆಯಲ್ಲಿರುವ ಕೊಳವೆಯಾಕಾರದ ವ್ಯವಸ್ಥೆಯನ್ನೂ ರೂಪಿಸಿದರು. ರುಡಾಲ್ ಕಾರ್ಟ್ ಕಂಪನಿಯ ಮರದ ಬೋಮ್ ಕೊಳಲುಗಳನ್ನು ಬ್ರಿಟಿಷ್ ಆರ್ಕೆಸ್ಟ್ರಾ ವಾದಕರು ಇಪ್ಪತ್ತನೆಯ ಶತಮಾನದಲ್ಲೂ ನುಡಿಸುತ್ತಿದ್ದರು. ಕೊಳ್ಳುವವರ ಸಂಖ್ಯೆ ಸಣ್ಣದು, ಆದರೆ ಅವರಿಗೆ ತಮಗೆ ಏನು ಬೇಕೆಂಬುದು ಖಚಿತವಾಗಿ ಗೊತ್ತಿರುತ್ತದೆ.

ನಾಲ್ಕನೆಯದು ವ್ಯಾಪಾರಿ ಕೊಳಲುಗಳು. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತರ ಆರಂಭದಲ್ಲಿ ಜರ್ಮನಿಯ ವಾದ್ಯ ತಯಾರಿಕಾ ಪ್ರದೇಶಗಳಿಂದ ಇವು ರಾಶಿರಾಶಿಯಾಗಿ ಹೊರಟು ಕ್ಯಾಟಲಾಗ್‌ಗಳ ಮೂಲಕ ಲೋಕವೆಲ್ಲ ತಲುಪಿದವು. ಹಲವದರಲ್ಲಿ ತಯಾರಕರ ಮುದ್ರೆಯೇ ಇರುವುದಿಲ್ಲ. ಕೆಲವದರ ಮೇಲೆ 'ನಾಖ್ ಮೇಯರ್' (ಜರ್ಮನ್‌ನಲ್ಲಿ 'ಮೇಯರ್ ಮಾದರಿಯಂತೆ') ಎಂದಿರುತ್ತದೆ. ಅದನ್ನು ನೋಡಿ ಹ್ಯಾನೋವರಿನ ಹೆಸರಾಂತ ತಯಾರಕ ಮೇಯರ್ ಅವರದೇ ಕೊಳಲು ಸಿಕ್ಕಿತೆಂದು ಸಂಭ್ರಮಿಸುವವರನ್ನು ಆಗಾಗ ಕಾಣುತ್ತೇವೆ. ಅದು ಆ ಮಾದರಿಯನ್ನು ಅನುಸರಿಸಿದ ಕೊಳಲು, ಅಷ್ಟೇ. ಇವುಗಳಲ್ಲಿ ಚೆನ್ನಾಗಿ ನುಡಿಯುವವೂ ಇವೆ. ಆದರೆ ಮಾರುಕಟ್ಟೆಯಲ್ಲಿ ಇಂಥವು ಧಾರಾಳವಾಗಿ ಸಿಗುವುದರಿಂದ ಎಷ್ಟು ಸೊಗಸಾಗಿ ದುರಸ್ತಿ ಮಾಡಿದರೂ ಬೆಲೆ ಒಂದು ಮಟ್ಟ ದಾಟುವುದಿಲ್ಲ.

ತಯಾರಕರನ್ನು ಗುರುತಿಸಲು ಮುದ್ರೆಯಲ್ಲಿನ ವಿಳಾಸ ಬಹಳ ನೆರವಾಗುತ್ತದೆ. ಲಂಡನ್ ತಯಾರಕರು ಅಂಗಡಿ ಬದಲಿಸಿದಂತೆ ವಿಳಾಸವೂ ಬದಲಾಗುತ್ತಿತ್ತು, ಹಾಗಾಗಿ ಬೀದಿಯ ಹೆಸರಿನಿಂದಲೇ ದಶಕವನ್ನು ಹೇಳಬಹುದು. ಗಾಳಿವಾದ್ಯ ತಯಾರಕರ ಮುದ್ರೆಗಳಿಗೆ ಲ್ಯಾಂಗ್‌ವಿಲ್ ಸೂಚಿ ಎಂಬ ದೊಡ್ಡ ಆಕರವಿದೆ. ಹೋಲಿಸಿ ನೋಡಲು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಡೇಟನ್ ಮಿಲ್ಲರ್ ಸಂಗ್ರಹಕ್ಕೆ ಸಾಟಿಯಿಲ್ಲ. ಅಲ್ಲಿ ಕೊಳಲು ಮತ್ತು ಇತರ ವಾದ್ಯಗಳು ಸೇರಿ ಸುಮಾರು 1,700 ಇವೆ, ಬಹಳಷ್ಟರ ಚಿತ್ರ ಮತ್ತು ವಿವರಗಳನ್ನು ಕುಳಿತಲ್ಲೇ ನೋಡಬಹುದು.

ಶ್ರುತಿ ಬೆಲೆಯನ್ನು ಅರ್ಧ ಮಾಡಬಲ್ಲದು

ಮಾರುವವರು ಸಾಮಾನ್ಯವಾಗಿ ಮರೆಯುವ, ಕೊಳ್ಳುವವರು ಮೊದಲು ಕೇಳುವ ಸಂಗತಿ ಇದು. ಇಂದಿನ ಮಾನಕವಾದ ಎ ಸ್ವರಕ್ಕೆ 440 ಹರ್ಟ್ಸ್ ಎಂಬುದು ಅಂತರರಾಷ್ಟ್ರೀಯವಾಗಿ ಗೊತ್ತಾದದ್ದು 1939ರಲ್ಲಿ. ಅದಕ್ಕೂ ಮುಂಚೆ ಫ್ರಾನ್ಸ್ 1859ರಲ್ಲಿ 435 ಎಂದು ಕಾನೂನು ಮಾಡಿತ್ತು. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶ್ರುತಿ ಏರುತ್ತ ಹೋಗಿ ಸುಮಾರು 452 ಮುಟ್ಟಿತ್ತು. 440ಕ್ಕೆ ಹೋಲಿಸಿದರೆ ಇದು ಹತ್ತಿರಹತ್ತಿರ 47 ಸೆಂಟ್ ಮೇಲೆ, ಅಂದರೆ ಎರಡು ಪಕ್ಕದ ಸ್ವರಸ್ಥಾನಗಳ ನಡುವಿನ ಅಂತರದಲ್ಲಿ ಅರ್ಧದಷ್ಟು.

ತಲೆಭಾಗವನ್ನು ಹೊರಗೆ ಎಳೆದು ಶ್ರುತಿ ಇಳಿಸಬಹುದಲ್ಲ ಎನ್ನುತ್ತೀರಾ? ಲೆಕ್ಕ ಹಾಕಿ ನೋಡಿ. 452ರ ಕೊಳಲಿನಲ್ಲಿ ಎಲ್ಲ ಬೆರಳೂ ಮುಚ್ಚಿದ ಕೆಳಗಿನ ಡಿ ಸ್ವರವನ್ನು 440ಕ್ಕೆ ಇಳಿಸಲು ಗಾಳಿಕಂಬಕ್ಕೆ ಸುಮಾರು 16 ಮಿಲಿಮೀಟರ್ ಉದ್ದ ಸೇರಬೇಕು. ಬೆರಳೆಲ್ಲ ತೆರೆದ ಸಿ ಶಾರ್ಪ್‌ಗೆ ಅದರ ಅರ್ಧ, ಸುಮಾರು 8 ಮಿಲಿಮೀಟರ್ ಸಾಕು. ಡಿ ಸರಿಮಾಡಿದರೆ ಸಿ ಶಾರ್ಪ್ ಅತಿಯಾಗಿ ಇಳಿಯುತ್ತದೆ, ಸಿ ಶಾರ್ಪ್ ಸರಿಮಾಡಿದರೆ ಡಿ ಏರಿಯೇ ಉಳಿಯುತ್ತದೆ. ಕೊಳಲು ತನ್ನೊಳಗೇ ಅಪಶ್ರುತಿಯಾಗುತ್ತದೆ. ಆದ್ದರಿಂದ ಒಬ್ಬ ಒಳ್ಳೆಯ ವಾದಕರಿಂದ, ಚೆನ್ನಾಗಿ ನುಡಿಸಿ ಬೆಚ್ಚಗಾದ ಕೊಳಲಿನಲ್ಲಿ, ಪ್ರತಿ ಸ್ವರದ ವ್ಯತ್ಯಾಸವನ್ನು ಟ್ಯೂನರ್‌ನಲ್ಲಿ ಅಳೆಸಿ ಬರೆದಿಡಿ. ತಲೆಭಾಗವನ್ನು ಎಷ್ಟು ಎಳೆದಾಗ ಆ ಅಳತೆ ಬಂತು ಎಂಬುದನ್ನೂ ಸೇರಿಸಿ. ಈ ಒಂದು ಪುಟ ನಿಮ್ಮ ಹತ್ತು ಸುಂದರ ಚಿತ್ರಗಳಿಗಿಂತ ಹೆಚ್ಚು ದುಡಿಯುತ್ತದೆ.

ಫಲಿತಾಂಶ 440ರ ಹತ್ತಿರ ಬಂದರೆ ನಿಮ್ಮದು ವಾದಕರ ಕೊಳಲು. 430ರ ಸುತ್ತ ನಿಂತರೆ ಐತಿಹಾಸಿಕ ಶೈಲಿಯ ವಾದಕರನ್ನು ಹುಡುಕಿ. 452ಕ್ಕೆ ಅಂಟಿಕೊಂಡಿದ್ದರೆ, ತಯಾರಕರ ಹೆಸರು ದೊಡ್ಡದಲ್ಲದಿದ್ದಲ್ಲಿ, ಅದು ಮುಖ್ಯವಾಗಿ ಸಂಗ್ರಹದ ವಸ್ತು. ಬೆಲೆಯನ್ನೂ ಅದೇ ಎಣಿಕೆಯಲ್ಲಿ ಇಡಬೇಕು.

ಯಾವ ದುರಸ್ತಿ ಬೆಲೆ ಏರಿಸುತ್ತದೆ, ಯಾವುದು ಇಳಿಸುತ್ತದೆ

ತಲೆಭಾಗದ ಬಿರುಕು ಈ ಕೊಳಲುಗಳ ಹುಟ್ಟುಗುಣದ ಹಾಗೆ. ಶ್ರುತಿ ಹೊಂದಿಸಲು ಒಳಗೆ ಲೋಹದ ನಳಿಕೆ ಕೂರಿಸಿರುತ್ತಾರೆ. ದಶಕಗಳು ಕಳೆದಂತೆ ಮರ ಒಣಗಿ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ, ಮರ ಉದ್ದಕ್ಕೆ ಸೀಳುತ್ತದೆ. ಹಾಗಾಗಿ ಬಿರುಕು ಇದ್ದದ್ದೇ ಅಪಮೌಲ್ಯವಲ್ಲ. ನಳಿಕೆಯನ್ನು ಹೊರತೆಗೆದು, ಮರಕ್ಕೆ ಜಾಗ ಮಾಡಿಕೊಟ್ಟು, ಬಿರುಕನ್ನು ಗಟ್ಟಿಯಾಗಿ ಮುಚ್ಚಿದ್ದರೆ ವಾದಕರು ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ನಳಿಕೆಯನ್ನು ಹಾಗೆಯೇ ಬಿಟ್ಟು ಮೇಲಿನಿಂದ ಅಂಟು ಸುರಿದಿದ್ದರೆ ಬಿರುಕು ಮತ್ತೆ ಬರುತ್ತದೆ, ತಿಳಿದವರು ಅದನ್ನು ಒಂದೇ ನೋಟಕ್ಕೆ ಕಂಡುಹಿಡಿಯುತ್ತಾರೆ. ಬಿರುಕು ಊದುರಂಧ್ರದ ಅಂಚನ್ನು ಹಾದುಹೋಗಿದ್ದರೆ ಮಾತ್ರ ಬೆಲೆ ಗಣನೀಯವಾಗಿ ಇಳಿಯುತ್ತದೆ.

ಪ್ಯಾಡ್, ಕಾರ್ಕ್, ಸ್ಪ್ರಿಂಗ್, ಜೋಡಣೆಯ ದಾರ ಇವೆಲ್ಲ ಸವೆದು ಬದಲಾಗುವ ಭಾಗಗಳು. ಹೊಸದಾಗಿದ್ದರೆ ಯಾರೂ ದೂರುವುದಿಲ್ಲ. ಕೊಳಲು ನುಡಿಯುವ ಸ್ಥಿತಿಯಲ್ಲಿದೆ ಎಂಬುದಕ್ಕೆ ಇವೇ ಸಾಕ್ಷಿ.

ಅಪಾಯ ಇರುವುದು ಉತ್ಸಾಹದಲ್ಲಿ. ಊದುರಂಧ್ರವನ್ನು ದೊಡ್ಡದು ಮಾಡುವುದು, ಬೆರಳರಂಧ್ರಗಳನ್ನು ಕೆರೆದು ಶ್ರುತಿ ತಿದ್ದುವುದು, ಶ್ರುತಿ ಏರಿಸಲೆಂದು ಭಾಗಗಳನ್ನು ಮೊಟಕು ಮಾಡುವುದು, ಇವು ಹಿಂದಿರುಗದ ಕೆಲಸಗಳು. ಒಬ್ಬ ವಾದಕನಿಗೆ ಅನುಕೂಲವಾಗಿರಬಹುದು, ಆದರೆ ಸಂಗ್ರಾಹಕರ ಪಟ್ಟಿಯಿಂದ ಕೊಳಲು ಹೊರಬಿದ್ದ ಹಾಗೆಯೇ. ಇದಕ್ಕಿಂತ ಬೇಸರದ ಸಂಗತಿ ಹೊಳಪು. ಯಂತ್ರಕ್ಕೆ ಹಿಡಿದು ಮಿರಮಿರ ಮಿಂಚಿಸಿದ ಕೊಳಲಿನಲ್ಲಿ ತಯಾರಕರ ಮುದ್ರೆ ಅರ್ಧ ಅಳಿಸಿಹೋಗಿರುತ್ತದೆ, ಅಂಚುಗಳು ದುಂಡಗಾಗಿರುತ್ತವೆ. ಚಿತ್ರದಲ್ಲಿ ಅದು ಸುಂದರವಾಗಿ ಕಾಣುತ್ತದೆ. ಬಲ್ಲವರು ಅಲ್ಲಿಂದಲೇ ಹಿಂದಿರುಗುತ್ತಾರೆ.

ತೆಗೆದ ಹಳೆಯ ಭಾಗಗಳನ್ನು ಎಸೆಯಬೇಡಿ. ಒಡೆದ ಉಂಗುರ, ಮುರಿದ ಸ್ಪ್ರಿಂಗ್, ಹಳೆಯ ಪ್ಯಾಡ್ ಕೂಡ ಒಂದು ಪೊಟ್ಟಣದಲ್ಲಿ ಕೊಳಲಿನ ಜೊತೆಗೇ ಹೋಗಲಿ. ದುರಸ್ತಿಗೆ ಮೊದಲು ಮತ್ತು ನಂತರ ತೆಗೆದ ಚಿತ್ರಗಳೂ ಇರಲಿ.

ಬೆಲೆ ಕಟ್ಟಲು ಮೂರು ಅಳತೆಗೋಲು

ಮೊದಲನೆಯದು ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಗಳು. ಇದು ಗಟ್ಟಿಯಾದ ಆಧಾರ, ಆದರೆ ಓದುವಾಗ ಎಚ್ಚರ ಬೇಕು. ಹರಾಜು ಸಂಸ್ಥೆ ಪ್ರಕಟಿಸಿದ ಸಂಖ್ಯೆ ಕೂಗಿನ ಬೆಲೆಯೋ, ಕೊಂಡವರಿಂದ ಪಡೆಯುವ ಶುಲ್ಕವನ್ನೂ ಸೇರಿಸಿದ್ದೋ ಎಂದು ನೋಡಿಕೊಳ್ಳಬೇಕು. ಎರಡರ ನಡುವೆ ಕಾಲು ಭಾಗದಷ್ಟು ವ್ಯತ್ಯಾಸವಿರಬಹುದು. ಜೊತೆಗೆ, ಹರಾಜಿಗೆ ಬರುವ ಬಹಳಷ್ಟು ಕೊಳಲುಗಳು ದುರಸ್ತಿಯಾಗದವು. ನಿಮ್ಮದನ್ನು ಅದರ ಜೊತೆ ನೇರವಾಗಿ ಹೋಲಿಸುವಂತಿಲ್ಲ.

ಎರಡನೆಯದು ವ್ಯಾಪಾರಿಗಳು ಪಟ್ಟಿಯಲ್ಲಿ ಹಾಕಿರುವ ಬೆಲೆ. ಇದು ಕೇಳುವ ಬೆಲೆ, ಸಿಗುವ ಬೆಲೆಯಲ್ಲ. ಅದೇ ಕೊಳಲು ಎರಡು ವರ್ಷದಿಂದ ಅದೇ ಪಟ್ಟಿಯಲ್ಲಿದ್ದರೆ ಆ ಸಂಖ್ಯೆ ನಿಮಗೆ ಕಲಿಸುವುದು ಎಷ್ಟಕ್ಕೆ ಮಾರಾಟವಾಗುವುದಿಲ್ಲ ಎಂಬುದನ್ನು ಮಾತ್ರ. ವ್ಯಾಪಾರಿಯ ಬೆಲೆಯಲ್ಲಿ ಅವರ ಹೆಸರು, ಖಾತರಿ, ನುಡಿಸಿ ನೋಡಲು ಕೊಡುವ ಅವಕಾಶ ಎಲ್ಲವೂ ಸೇರಿವೆ. ಅವನ್ನು ನೀವು ಕೊಡುತ್ತಿಲ್ಲವಾದರೆ ಆ ಬೆಲೆಯನ್ನೂ ಕೇಳುವಂತಿಲ್ಲ.

ಮೂರನೆಯದು ಅತ್ಯಂತ ಉಪಯುಕ್ತವಾದದ್ದು, ಆದರೂ ಹೆಚ್ಚಿನವರ ಗಮನಕ್ಕೆ ಬಾರದ್ದು: ಅದೇ ಮಾದರಿಯಲ್ಲಿ ಇಂದಿನ ಕುಶಲಕರ್ಮಿಗಳು ಮಾಡುವ ಹೊಸ ಕೊಳಲಿನ ಬೆಲೆ. ರುಡಾಲ್ ಮತ್ತು ಪ್ರಾಟನ್ ಮಾದರಿಗಳನ್ನು ಇಂದಿನ ಶ್ರುತಿಗೆ ಹೊಂದಿಸಿ ಮಾಡುವ ತಯಾರಕರು ಹಲವು ದೇಶಗಳಲ್ಲಿದ್ದಾರೆ. ಹೊಸ ಕೊಳಲಿನಲ್ಲಿ ಬಿರುಕಿಲ್ಲ, ಶ್ರುತಿ 440ಕ್ಕಿದೆ, ಖಾತರಿ ಇದೆ, ದಂತದ ತಲೆನೋವಿಲ್ಲ (ಅದರ ಮಾತು ಮುಂದೆ ಬರುತ್ತದೆ). ನುಡಿಸಲೆಂದೇ ಕೊಳ್ಳುವವರಿಗೆ ನಿಮ್ಮ ಕೊಳಲಿನ ಎದುರಾಳಿ ಅದು. ಹೆಸರಾಂತ ತಯಾರಕರ ಅಪರೂಪದ ಕೊಳಲನ್ನು ಬಿಟ್ಟರೆ ಈ ಬೆಲೆಯೇ ಮೇಲ್ಮಿತಿ. ಅದನ್ನು ಮೀರಿ ಕೇಳಿದರೆ ವಾದಕರು ಹೊಸದನ್ನೇ ಕೊಳ್ಳುತ್ತಾರೆ. ಹೊಸ ಕೊಳಲಿಗಾಗಿ ತಯಾರಕರ ಬಳಿ ಬಹಳ ಕಾಲ ಕಾಯಬೇಕಾಗಿದ್ದರೆ, ಕೂಡಲೇ ಸಿಗುವ ಹಳೆಯದಕ್ಕೆ ಸ್ವಲ್ಪ ಅನುಕೂಲವಿದೆ.

ವಿಮೆಗಾಗಿ ಬರೆಸಿದ ಮೌಲ್ಯಪತ್ರವನ್ನು ಮಾತ್ರ ಮಾರುವ ಬೆಲೆಯೆಂದು ಹಿಡಿದುಕೊಳ್ಳಬೇಡಿ. ಕಳೆದುಹೋದರೆ ಅಂಗಡಿಯಿಂದ ಮತ್ತೊಂದನ್ನು ತರಲು ಎಷ್ಟಾಗುತ್ತದೆ ಎಂಬ ಲೆಕ್ಕ ಅದು, ಸಹಜವಾಗಿಯೇ ಎತ್ತರದ್ದು.

ಮಾರುವ ನಾಲ್ಕು ದಾರಿಗಳು

ಹೋಲಿಸಲು ಅನುಕೂಲವಾಗಲಿ ಎಂದು ಕೊಳಲಿನ ಅಂಗಡಿ ಬೆಲೆ 100 ಎಂದಿಟ್ಟುಕೊಳ್ಳೋಣ. ಕೆಳಗಿನ ಪ್ರಮಾಣಗಳು ಒಂದು ಅಂದಾಜು. ಶುಲ್ಕಗಳು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತವೆ, ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೇಳಿ ತಿಳಿಯಬೇಕು.

ವ್ಯಾಪಾರಿಗೆ ನೇರವಾಗಿ ಮಾರಿದರೆ ಕೈಗೆ 50ರಿಂದ 60 ಬರಬಹುದು. ಕೇಳಲು ಕಹಿ. ಆದರೆ ಹಣ ಅಂದೇ ಬರುತ್ತದೆ, ನಾಳೆ ಬಿರುಕು ಬಿಟ್ಟರೆ ಅದು ಅವರ ತಲೆನೋವು, ಕೊಂಡವರ ಪ್ರಶ್ನೆಗಳಿಗೆ ನೀವು ಉತ್ತರಿಸಬೇಕಿಲ್ಲ. ದುರಸ್ತಿಗಾರರೇ ವ್ಯಾಪಾರಿಗಳೂ ಆಗಿರುವುದು ಈ ಕ್ಷೇತ್ರದಲ್ಲಿ ಸಾಮಾನ್ಯ; ಅಂಥವರು ದುರಸ್ತಿಯಾದ ಕೊಳಲಿಗಿಂತ ಆಗದ ಕೊಳಲನ್ನೇ ಇಷ್ಟಪಡುತ್ತಾರೆ, ಏಕೆಂದರೆ ಕೆಲಸದ ಗುಣ ಅವರ ಕೈಯಲ್ಲಿರುತ್ತದೆ. ಹಾಗಾಗಿ ಚೆನ್ನಾಗಿ ದುರಸ್ತಿಯಾದ ಕೊಳಲನ್ನು ಈ ದಾರಿಯಲ್ಲಿ ಮಾರುವುದು ನನ್ನ ಲೆಕ್ಕದಲ್ಲಿ ಕೊನೆಯ ಆಯ್ಕೆ.

ವ್ಯಾಪಾರಿಯ ಬಳಿ ಕಮಿಷನ್ ಮೇಲೆ ಇಟ್ಟರೆ, ಅವರು 20ರಿಂದ 30 ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಕೈಗೆ 70ರಿಂದ 80. ಕೊಳ್ಳುವವರು ನಂಬಿ ಬರುವುದು ವ್ಯಾಪಾರಿಯ ಹೆಸರನ್ನು, ಆ ನಂಬಿಕೆಯ ಬಾಡಿಗೆ ಇದು. ಮೊದಲ ಬಳಗದ ಇಂಗ್ಲಿಷ್ ಕೊಳಲಿಗೂ ಮರದ ಬೋಮ್ ಕೊಳಲಿಗೂ ನಾನು ಮೊದಲು ಸೂಚಿಸುವ ದಾರಿ ಇದೇ. ಕಾಲ ಹಿಡಿಯುತ್ತದೆ ಎಂಬುದೊಂದೇ ಕೊರತೆ, ತಿಂಗಳುಗಳಾಗಬಹುದು. ಒಪ್ಪಂದದಲ್ಲಿ ಮೂರು ಸಂಗತಿ ಬರವಣಿಗೆಯಲ್ಲಿರಬೇಕು: ಕೊಳಲು ಅವರ ಬಳಿ ಇರುವಾಗ ವಿಮೆ ಯಾರದ್ದು, ನಿಮ್ಮನ್ನು ಕೇಳದೆ ಎಷ್ಟರವರೆಗೆ ಬೆಲೆ ಇಳಿಸಬಹುದು, ಮಾರಾಟವಾದ ಎಷ್ಟು ದಿನದೊಳಗೆ ಹಣ ಬರುತ್ತದೆ. ಮಾತಿನ ಮೇಲೆ ಬಿಟ್ಟು ಬಂದ ಕೊಳಲಿನ ಕಥೆಗಳು ಸುಖಾಂತವಾಗುವುದು ಕಡಿಮೆ.

ಹರಾಜಿನ ಲೆಕ್ಕ ಬೇರೆ ಬಗೆಯದು. ಕೂಗು 80ಕ್ಕೆ ನಿಂತಿತು ಎನ್ನಿ. ಕೊಂಡವರು 25 ಪ್ರತಿಶತ ಶುಲ್ಕ ಸೇರಿಸಿ 100 ಕೊಡುತ್ತಾರೆ. ನಿಮ್ಮಿಂದ 15 ಪ್ರತಿಶತ ಕಮಿಷನ್ ಕಳೆದರೆ 68 ಉಳಿಯುತ್ತದೆ. ಚಿತ್ರ, ವಿಮೆ, ಸಾಗಣೆಯ ಖರ್ಚು ಅದರಿಂದಲೇ ಹೋಗುತ್ತದೆ. ಕೊಂಡವರ ಜೇಬಿನಿಂದ 100 ಹೊರಟು ನಿಮಗೆ ತಲುಪಿದ್ದು 65ರ ಆಸುಪಾಸು. ಹಾಗಾದರೆ ಹರಾಜು ಏಕೆ ಬೇಕು? ಬೆಲೆ ಯಾರಿಗೂ ಗೊತ್ತಿಲ್ಲದ ವಸ್ತುವಿಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಪರೂಪದ ತಯಾರಕರದು, ವಿಚಿತ್ರ ಕೀ ವ್ಯವಸ್ಥೆಯದು, ಹೆಸರಾಂತ ವಾದಕರೊಬ್ಬರ ಬಳಿ ಇದ್ದದ್ದೆಂದು ಕಾಗದಪತ್ರ ಸಮೇತ ಸಾಬೀತಾದದ್ದು, ಇಂಥ ಕೊಳಲಿಗೆ ಇಬ್ಬರು ಸಂಗ್ರಾಹಕರು ಪಟ್ಟು ಹಿಡಿದರೆ ಬೆಲೆ ನಿಮ್ಮ ಊಹೆಯನ್ನು ದಾಟಬಹುದು. ಅದು ವಾದ್ಯಗಳಿಗೆಂದೇ ಮೀಸಲಾದ ಹರಾಜಾಗಿರಬೇಕು. ಮನೆಸಾಮಾನುಗಳ ಹರಾಜಿನಲ್ಲಿ ಹಳೆಯ ಗಡಿಯಾರ ಮತ್ತು ಪಿಂಗಾಣಿ ಬಟ್ಟಲುಗಳ ನಡುವೆ ಸಿಕ್ಕಿಕೊಂಡ ಕೊಳಲನ್ನು ಕೊಳ್ಳುವುದು ಸಾಮಾನ್ಯವಾಗಿ ವ್ಯಾಪಾರಿಯೇ, ಅದೂ ಅವರದೇ ಬೆಲೆಗೆ. ಮೀಸಲು ಬೆಲೆಯನ್ನು (ಅದಕ್ಕಿಂತ ಕಡಿಮೆಗೆ ಮಾರಬಾರದೆಂದು ಮೊದಲೇ ಗೊತ್ತುಮಾಡುವ ಮಿತಿಯನ್ನು) ತೀರಾ ಎತ್ತರಕ್ಕಿಡಬೇಡಿ. ಮಾರಾಟವಾಗದೆ ಹಿಂದೆ ಬಂದ ಕೊಳಲಿನ ದಾಖಲೆ ಉಳಿದುಬಿಡುತ್ತದೆ, ಮುಂದಿನ ಬಾರಿ ಕೊಳ್ಳುವವರು ಅದನ್ನು ಹುಡುಕಿ ನೋಡುತ್ತಾರೆ.

ಇನ್ನುಳಿದದ್ದು ವಾದಕರಿಗೆ ನೀವೇ ಮಾರುವುದು. 85ಕ್ಕೆ ಕೊಟ್ಟರೂ ಹೆಚ್ಚುಕಡಿಮೆ ಅಷ್ಟೂ ನಿಮ್ಮದೇ, ಕೊಂಡವರಿಗೂ ಅಂಗಡಿಗಿಂತ ಅಗ್ಗ. ಕಾಗದದ ಮೇಲೆ ಎಲ್ಲಕ್ಕಿಂತ ಲಾಭದ ದಾರಿ. ಆದರೆ ಇಲ್ಲಿ ವ್ಯಾಪಾರಿ ಮಾಡುತ್ತಿದ್ದ ಕೆಲಸವೆಲ್ಲ ನಿಮ್ಮ ಪಾಲಿಗೆ ಬರುತ್ತದೆ. ಮುಖ್ಯವಾಗಿ, ಯಾವ ವಾದಕರೂ ನುಡಿಸದೆ ಕೊಳ್ಳುವುದಿಲ್ಲ, ಕೊಳ್ಳಲೂ ಬಾರದು. ಪೂರ್ತಿ ಹಣ ಪಡೆದು, ಒಂದು ವಾರ ನುಡಿಸಿ ನೋಡಲು ಬಿಟ್ಟು, ಹಿಡಿಸದಿದ್ದರೆ ಅದೇ ಸ್ಥಿತಿಯಲ್ಲಿ ಮರಳಿಸಿದಾಗ ಹಣ ಹಿಂದಿರುಗಿಸುವುದು ಒಳ್ಳೆಯ ಪದ್ಧತಿ. ಸಾಗಣೆಯ ಖರ್ಚು ಯಾರದ್ದು, ದಾರಿಯಲ್ಲಿ ಅಥವಾ ಆ ವಾರದಲ್ಲಿ ಬಿರುಕು ಬಿಟ್ಟರೆ ಯಾರು ಹೊಣೆ ಎಂಬುದನ್ನು ಮೊದಲೇ ಬರೆದುಕೊಳ್ಳಬೇಕು. ಬಹುಕಾಲ ಪೆಟ್ಟಿಗೆಯಲ್ಲಿದ್ದು ಈಗ ದುರಸ್ತಿಯಾದ ಕೊಳಲನ್ನು ಮೊದಲ ದಿನವೇ ಗಂಟೆಗಟ್ಟಲೆ ನುಡಿಸಿದರೆ ಒಳಗೆ ತೇವ, ಹೊರಗೆ ಒಣಗು ಎಂಬ ಸೆಳೆತಕ್ಕೆ ಸಿಕ್ಕಿ ಮರ ಸೀಳಬಹುದು. ದಿನಕ್ಕೆ ಹತ್ತು ನಿಮಿಷದಿಂದ ಶುರುಮಾಡಿ ನಿಧಾನವಾಗಿ ಏರಿಸಬೇಕು ಎಂಬ ಸೂಚನೆ ಬರವಣಿಗೆಯಲ್ಲಿ ಕೊಳಲಿನ ಜೊತೆ ಹೋಗಬೇಕು.

ಎಲ್ಲ ಬಗೆಯ ವಸ್ತುಗಳೂ ಬಿಕರಿಯಾಗುವ ಆನ್‌ಲೈನ್ ಹರಾಜು ತಾಣಗಳನ್ನು ನಾನು ಪ್ರತ್ಯೇಕ ದಾರಿ ಎಂದು ಎಣಿಸಿಲ್ಲ. ನಾಲ್ಕನೆಯ ಬಳಗದ ವ್ಯಾಪಾರಿ ಕೊಳಲುಗಳಿಗೆ ಅವು ಸರಿಯಾದ ಜಾಗ. ಅಲ್ಲಿ ಕೊಳ್ಳುವವರು ಮೋಸದ ಭಯದಿಂದಲೇ ಕಡಿಮೆ ಕೂಗುತ್ತಾರೆ, ಆದ್ದರಿಂದ ಒಳ್ಳೆಯ ಕೊಳಲಿಗೆ ಅಲ್ಲಿ ನ್ಯಾಯ ಸಿಗುವುದು ಅಪರೂಪ.

ದಂತವಿದ್ದರೆ ದಾರಿ ಬದಲಾಗುತ್ತದೆ

ಹಳೆಯ ಕೊಳಲಿನ ಜೋಡಣೆಗಳ ಮೇಲಿನ ಬಿಳಿಯ ಉಂಗುರಗಳು ಆನೆದಂತವಾಗಿರುವ ಸಂಭವ ಹೆಚ್ಚು. ಭೂತಗಾಜಿನಲ್ಲಿ ನೋಡಿ: ಅಡ್ಡ ಕೊಯ್ತದ ಮುಖದಲ್ಲಿ ಒಂದನ್ನೊಂದು ಹಾಯುವ ಜಾಲರಿಯಂಥ ಗೆರೆಗಳು ಕಂಡರೆ ದಂತ, ಸಣ್ಣ ಕಪ್ಪು ಚುಕ್ಕೆಗಳೋ ಗೀರುಗಳೋ ಕಂಡರೆ ಮೂಳೆ. ಸಂಶಯವಿದ್ದರೆ ದಂತ ಎಂದೇ ಭಾವಿಸಿ ಮುಂದುವರಿಯುವುದು ಕ್ಷೇಮ.

ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದಡಿ ದಂತದ ಗಡಿ ದಾಟಿದ ವ್ಯಾಪಾರ ಬಹುತೇಕ ನಿಷಿದ್ಧ. ಹಳೆಯ ವಸ್ತುಗಳಿಗೆ ವಿನಾಯಿತಿ ಇದ್ದರೂ ಪರವಾನಗಿ ಬೇಕು, ಜೊತೆಗೆ ಪ್ರತಿ ದೇಶಕ್ಕೂ ತನ್ನದೇ ನಿಯಮವಿದೆ. ಬ್ರಿಟನ್ನಿನ 2018ರ ದಂತ ಕಾಯ್ದೆ 2022ರ ಜೂನ್‌ನಲ್ಲಿ ಜಾರಿಗೆ ಬಂತು. ಅದರ ಪ್ರಕಾರ 1975ಕ್ಕೆ ಮೊದಲು ತಯಾರಾದ, ಒಟ್ಟು ಗಾತ್ರದಲ್ಲಿ 20 ಪ್ರತಿಶತಕ್ಕಿಂತ ಕಡಿಮೆ ದಂತವಿರುವ ಸಂಗೀತವಾದ್ಯವನ್ನು ನೋಂದಣಿ ಮಾಡಿಸಿದ ಮೇಲೆ ಮಾತ್ರ ಅಲ್ಲಿ ಮಾರಬಹುದು. ಇಬೇ ತಾಣ 2009ರಿಂದಲೇ ದಂತದ ವಸ್ತುಗಳನ್ನು ನಿಷೇಧಿಸಿದೆ. ಅಂದರೆ ದಂತವಿರುವ ಕೊಳಲಿಗೆ ಕೊಳ್ಳುವವರ ಲೋಕವೇ ಕಿರಿದಾಗುತ್ತದೆ. ಅದನ್ನು ನಿಮ್ಮ ದೇಶದೊಳಗೇ, ಕಾನೂನು ಬಿಡುವಷ್ಟರ ಮಟ್ಟಿಗೆ, ಕಾಗದಪತ್ರ ನಿಭಾಯಿಸಬಲ್ಲ ವ್ಯಾಪಾರಿ ಅಥವಾ ಹರಾಜು ಸಂಸ್ಥೆಯ ಮೂಲಕ ಮಾರುವುದೇ ಸರಿ.

ಉಂಗುರಗಳನ್ನು ಕಿತ್ತು ಕೃತಕವಾದವನ್ನು ಹಾಕಿಸಿದರೆ? ವಾದಕರ ಕೊಳಲಾದರೆ ಮಾಡಬಹುದು, ಲೋಕವೆಲ್ಲ ತೆರೆದುಕೊಳ್ಳುತ್ತದೆ. ಸಂಗ್ರಾಹಕರ ಕೊಳಲಾದರೆ ಬೇಡ.

ಮರದ ವಿಷಯದಲ್ಲಿ ಆತಂಕ ಕಡಿಮೆ. ಗ್ರೆನಡಿಲವೂ ರೋಸ್‌ವುಡ್‌ಗಳೂ ಸೇರಿರುವ ಡಾಲ್ಬರ್ಜಿಯ ಕುಲವನ್ನೇ 2017ರ ಜನವರಿಯಲ್ಲಿ ಸೈಟಿಸ್ ಪಟ್ಟಿಗೆ ಸೇರಿಸಿದಾಗ ವಾದ್ಯಲೋಕವೆಲ್ಲ ಪರದಾಡಿತು. 2019ರ ನವೆಂಬರ್‌ನಿಂದ ಪೂರ್ಣಗೊಂಡ ವಾದ್ಯಗಳಿಗೆ ವಿನಾಯಿತಿ ದೊರೆತಿದೆ. ಬ್ರೆಜಿಲಿಯನ್ ರೋಸ್‌ವುಡ್ ಮಾತ್ರ ಇದಕ್ಕೆ ಹೊರತು. ಅದು 1992ರಿಂದಲೇ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ.

ವಿವರಣೆ ಬರೆಯುವಾಗ, ಕಳಿಸುವಾಗ

ಮುದ್ರೆಯ ಹತ್ತಿರದ ಚಿತ್ರ, ಊದುರಂಧ್ರದ ಚಿತ್ರ ಮತ್ತು ಅದರ ಎರಡು ದಿಕ್ಕಿನ ಅಳತೆ, ಪ್ರತಿ ಬಿರುಕಿನ ಚಿತ್ರ, ಶ್ರುತಿಯ ಪಟ್ಟಿ, ಬದಲಾದ ಭಾಗಗಳ ಪಟ್ಟಿ. ಇಷ್ಟಿದ್ದರೆ ವಿಶೇಷಣಗಳೇ ಬೇಕಿಲ್ಲ. "ಅದ್ಭುತ ನಾದ" ಎಂದು ಎಲ್ಲರೂ ಬರೆಯುತ್ತಾರೆ. ಅದರ ಬದಲು ಒಬ್ಬ ವಾದಕರಿಂದ ಎರಡು ನಿಮಿಷ ನುಡಿಸಿ ಧ್ವನಿಮುದ್ರಿಸಿ ಹಾಕಿ, ಪ್ರತಿಧ್ವನಿ ಸೇರಿಸದೆ. ಮುಚ್ಚಿದ ಬಿರುಕನ್ನು ಹೇಳದೆ ಬಿಟ್ಟರೆ ಅದು ತಿಳಿದೇ ತಿಳಿಯುತ್ತದೆ, ಹಳೆಯ ಕೊಳಲು ಕೊಳ್ಳುವವರ ಬಳಗ ಬಹಳ ಸಣ್ಣದು.

ಕಳಿಸುವಾಗ ಕೊಳಲನ್ನು ಜೋಡಿಸಿಡಬೇಡಿ. ಪ್ರತಿ ಭಾಗವನ್ನೂ ಬೇರೆ ಬೇರೆಯಾಗಿ ಸುತ್ತಿ, ಕೀಗಳ ಮೇಲೆ ಭಾರ ಬೀಳದಂತೆ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯಲ್ಲಿಡಿ. ತೇವಾಂಶ ಕಾಯುವ ಪೊಟ್ಟಣವೊಂದು ಒಳಗಿರಲಿ. ಸುಮಾರು 50 ಪ್ರತಿಶತದ ಆಸುಪಾಸು ಮರಕ್ಕೆ ಹಿತ. ವಿಮೆಯ ಮೊತ್ತ ಮಾರಿದ ಬೆಲೆಗೆ ಸಮನಾಗಿರಲಿ. ತಲುಪಿದ ಪೆಟ್ಟಿಗೆಯನ್ನು ಕೂಡಲೇ ಬಿಚ್ಚದೆ, ಕೋಣೆಯ ಉಷ್ಣತೆಗೆ ಹೊಂದಿಕೊಳ್ಳಲು ಒಂದು ದಿನ ಹಾಗೆಯೇ ಇಡುವಂತೆ ಹೊರಗಿನ ಪೆಟ್ಟಿಗೆಯ ಮೇಲೆಯೇ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.